ಲಕ್ಷ್ಮೀಕಾಂತನ ಮೂರು ಸಿ.ಡಿ.ಗಳು

ಲಕ್ಷ್ಮೀಕಾಂತನ ಹೆಸರು ಹೇಳಿದರೆ ಹಿರಿಯೂರಿನಲ್ಲಿ ಇವತ್ತು ಜನ ‘ಯಾರು, ಆ ಟೀವಿ ರಿಪೇರಿಯವನಾ?’ ಅನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ರಿಪೇರಿಯವನೇ, ಇಲ್ಲವೆಂದವರು ಯಾರು? ಆದರೆ ಕಂಪ್ಯೂಟರನ್ನು ಕಣ್ಣಲ್ಲೂ ಕಾಣದ ಜನಕ್ಕೆ ಅದರ ಪಾಠವನ್ನು ಮನೆಯ ಟೀವಿಯೊಳಗೆ ತಂದು ಕೂರಿಸಿದವನು ನಮ್ಮ ಕಡೆ ಅವನೊಬ್ಬನೇ. ಅದರಿಂದ ಆದ ಅನಾಹುತವೂ ಅವನದೇ. ಅದರಲ್ಲಿ ಅರ್ಧ ನನ್ನದು. ಅದನ್ನೂ ಬರೆಯುವುದಾದರೆ ಮಾತ್ರ ಅವನ ಬಗ್ಗೆ ಬರೆಯಲು ನನಗೆ ಹಕ್ಕುಂಟು.

ನಾನು ಏಕಾಂತಮ್ಮ. ಹಿರಿಯೂರು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ, ಇಪ್ಪತ್ತಾರು ವರ್ಷ ಟೈಪಿಂಗ್ ಕಲಿಸಿದವಳು. ನನ್ನ ನಾಲಿಗೆ ಚೂಪು ಅನ್ನುವುದು ಊರಿಗೇ ಗೊತ್ತು. ತಪ್ಪು ಹೊಡೆದವರ ಹಾಳೆಯನ್ನು ಅವರ ಕಣ್ಣೆದುರೇ ಹರಿದು ಹಾಕುತ್ತಿದ್ದೆ. ನನ್ನ ಕೈಯಲ್ಲಿ ಬೈಸಿಕೊಂಡು ಕಲಿತ ಎಷ್ಟೋ ಜನ ಚಿತ್ರದುರ್ಗದ ಕಚೇರಿಗಳಲ್ಲಿ ಕುರ್ಚಿ ಹಿಡಿದರು. ಎರಡು ಸಾವಿರದ ಇಸವಿ ಬರುವಷ್ಟರಲ್ಲಿ ನನ್ನ ಯಂತ್ರಗಳ ಮುಂದೆ ಕೂರುವವರೇ ಇಲ್ಲವಾದರು. ಎಲ್ಲರಿಗೂ ಕಂಪ್ಯೂಟರೇ ಆಗಬೇಕು. ಹನ್ನೆರಡು ಯಂತ್ರಗಳಿಗೆ ಬಟ್ಟೆ ಹೊದಿಸಿ ಗೋಡೆ ನೋಡುತ್ತಾ ಕೂತಿದ್ದ ಒಂದು ಬೆಳಿಗ್ಗೆ ಲಕ್ಷ್ಮೀಕಾಂತ ಮೆಟ್ಟಿಲು ಹತ್ತಿ ಬಂದ.

ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದವನು. ಅಪ್ಪ ಶಿವಯ್ಯ ಪಂಚಾಯಿತಿಯ ನೀರುಗಂಟಿ. ಮಗ ಪಿಯುಸಿ ಅರ್ಧಕ್ಕೆ ಬಿಟ್ಟು ಚಿತ್ರದುರ್ಗದ ಲಕ್ಷ್ಮೀ ಬಜಾರಿನ ಒಂದು ಟೀವಿ ಅಂಗಡಿ ಸೇರಿ ಎಂಟು ವರ್ಷ ಅಲ್ಲೇ ಬೆಸುಗೆ ಹಾಕಿದ್ದ. ಬೆರಳ ತುದಿಗಳೆಲ್ಲ ಸುಟ್ಟು ಕಪ್ಪಾಗಿದ್ದವು. ಟೀವಿಗೆ ಯಾವ ರೋಗ ಹಿಡಿದಿದೆ ಎಂದು ಅದರ ಮುಂದೆ ನಿಂತು ವಾಸನೆ ನೋಡಿಯೇ ಹೇಳುತ್ತಿದ್ದನಂತೆ. ಅಲ್ಲಿಂದ ಕಂಪ್ಯೂಟರ್ ರಿಪೇರಿ ಕಲಿತು, ಎರಡು ಹಳೆಯ ಕಂಪ್ಯೂಟರ್ ಹೊತ್ತುಕೊಂಡು ಹಿರಿಯೂರಿಗೆ ಬಂದಿದ್ದ. ನನ್ನ ಹಾಲಿನ ಅರ್ಧ ಜಾಗ ಕೊಟ್ಟರೆ ಕಂಪ್ಯೂಟರ್ ಕ್ಲಾಸು ನಡೆಸುತ್ತೇನೆ, ಟೈಪಿಂಗ್ ನೀವೇ ಕಲಿಸಿ ಅಂದ. ನಾನು ಮೂಗು ಮುರಿದೆ. ಮುರಿದರೂ ಜಾಗ ಕೊಟ್ಟೆ, ಬೇರೆ ದಾರಿ ಇರಲಿಲ್ಲ.

ನಲವತ್ತು ಜನ ಸೇರಿದರು, ಇದ್ದದ್ದು ಎರಡೇ ಕಂಪ್ಯೂಟರ್. ಒಬ್ಬೊಬ್ಬರಿಗೂ ವಾರಕ್ಕೆ ಎರಡು ಗಂಟೆ. ಅದರಲ್ಲಿ ಕರೆಂಟು ಒಂದು ಗಂಟೆ ತಿನ್ನುತ್ತಿತ್ತು. ಇವತ್ತು ಕಲಿತದ್ದನ್ನು ಮುಂದಿನ ವಾರ ಬರುವಷ್ಟರಲ್ಲಿ ಶುದ್ಧವಾಗಿ ಮರೆತು ಬರುತ್ತಿದ್ದರು. ಲಕ್ಷ್ಮೀಕಾಂತ ತಲೆ ಕೆರೆದುಕೊಂಡ. ಯಾರ ಮನೆಯಲ್ಲೂ ಕಂಪ್ಯೂಟರ್ ಇಲ್ಲ, ಸರಿ. ಆದರೆ ಯಾರ ಮನೆಯಲ್ಲಿ ಟೀವಿ ಇಲ್ಲ? ಸಿ.ಡಿ. ಪ್ಲೇಯರ್ ಕೂಡ ಹಳ್ಳಿಹಳ್ಳಿಗೆ ಹೊಕ್ಕಿತ್ತು. ಕಂಪ್ಯೂಟರ್ ಪರದೆಯ ಮೇಲೆ ನಡೆಯುವುದನ್ನೆಲ್ಲ ನಡೆದ ಹಾಗೇ ರೆಕಾರ್ಡ್ ಮಾಡಿಕೊಳ್ಳುವ ಒಂದು ಸಾಫ್ಟ್‌ವೇರ್ ಅವನಿಗೆ ಎಲ್ಲೋ ಸಿಕ್ಕಿತ್ತು. ಪಾಠ ಮಾಡುತ್ತಾ ಅದನ್ನು ರೆಕಾರ್ಡ್ ಮಾಡಿ, ಮದುವೆ ಕ್ಯಾಸೆಟ್ಟನ್ನು ಸಿ.ಡಿ. ಮಾಡುವ ಹಾಗೆ ಸಿ.ಡಿ. ಮಾಡಿ ಕೊಟ್ಟುಬಿಟ್ಟರೆ ಮನೆಯಲ್ಲೇ ಟೀವಿ ಹಾಕಿಕೊಂಡು ಎಷ್ಟು ಸಲ ಬೇಕಾದರೂ ನೋಡಲಿ ಅಂದ.

ಹೇಳಿದಷ್ಟು ಸುಲಭವೇ? ಮೊದಲ ಸಿ.ಡಿ. ಹಾಕಿ ನೋಡಿದರೆ ಟೀವಿಯಲ್ಲಿ ಅಕ್ಷರಗಳೆಲ್ಲ ಇರುವೆ ಸಾಲಿನ ಹಾಗೆ ಕಂಡವು, ಒಂದೂ ಓದಲಾಗಲಿಲ್ಲ. ಪರದೆಯನ್ನು ಚಿಕ್ಕದು ಮಾಡಿ ಅಕ್ಷರ ದೊಡ್ಡದು ಮಾಡಿದ. ಆಗ ಸುತ್ತಲಿನ ಅಂಚು ಟೀವಿಯ ಚೌಕಟ್ಟಿನೊಳಗೆ ನುಂಗಿಹೋಯಿತು. ಮೇಲಿನ ಸಾಲೂ ಇಲ್ಲ, ಕೆಳಗಿನ ಪಟ್ಟಿಯೂ ಇಲ್ಲ. ಟೀವಿಗಳು ಚಿತ್ರದ ಅಂಚನ್ನು ಸ್ವಲ್ಪ ತಿಂದೇ ತೋರಿಸುತ್ತವೆ ಅನ್ನುವುದು ಅವನಿಗೆ ಮೊದಲೇ ಗೊತ್ತಿತ್ತು, ಆದರೂ ಮರೆತಿದ್ದ. ಸುತ್ತ ಕಪ್ಪು ಅಂಚು ಕಟ್ಟಿ ಚಿತ್ರವನ್ನು ಒಳಕ್ಕೆ ತಳ್ಳಿದ. ತೆಳು ಗೆರೆಗಳು ಪಟಪಟ ಮಿನುಗುತ್ತಿದ್ದವು, ಅವನ್ನು ದಪ್ಪ ಮಾಡಿದ. ಒಂದು ಗಂಟೆಯ ಪಾಠ ಸಿ.ಡಿ.ಯ ರೂಪಕ್ಕೆ ಬರಲು ಕಂಪ್ಯೂಟರ್ ಆರು ಗಂಟೆ ತೆಗೆದುಕೊಳ್ಳುತ್ತಿತ್ತು. ಐದನೇ ಗಂಟೆಗೆ ಕರೆಂಟು ಹೋದರೆ ಮತ್ತೆ ಮೊದಲಿಂದ. ಅಗ್ಗದ ಪ್ಲೇಯರುಗಳಲ್ಲೂ ಓಡಬೇಕೆಂದು ಸಿ.ಡಿ.ಗೆ ಕಡಿಮೆ ವೇಗದಲ್ಲಿ ಬರೆಸಿ, ಹೊಸದುರ್ಗದಿಂದ ಹರಿಯಬ್ಬೆಯವರೆಗೆ ಕಂಡಕಂಡವರ ಪ್ಲೇಯರಿನಲ್ಲಿ ಹಾಕಿ ಪರೀಕ್ಷೆ ಮಾಡಿದ. ಮೂರು ತಿಂಗಳು ಈ ಮನುಷ್ಯ ನೆಟ್ಟಗೆ ಉಣ್ಣಲಿಲ್ಲ. ನಾನು ದಿನಾ ಬೈದೆ. ಒಳಗೊಳಗೇ ಮೆಚ್ಚಿಕೊಂಡೆ, ಅದನ್ನು ಯಾವತ್ತೂ ಹೇಳಲಿಲ್ಲ.

ಭಾಷೆಯಲ್ಲೂ ಅವನದೇ ಹಟ. ಕ್ಲಿಕ್ಕು ಗಿಕ್ಕು ಅಂದರೆ ಹೆಂಗಸರು ನಗುತ್ತಾರೆ, ಗಾಬರಿಯಾಗುತ್ತಾರೆ, ಅದಕ್ಕೆ ‘ಒತ್ತಿ’ ಅಂತಲೇ ಹೇಳುತ್ತಿದ್ದ. ‘ಈಗ ಮೇಲ್ಗಡೆ ಎಡಕ್ಕೆ ಹೋಗಾಣ, ಅಲ್ಲಿ ಒತ್ತಾಣ’ ಅನ್ನುತ್ತಿದ್ದ. ಪರದೆಯ ಮೇಲೆ ಬಾಣ ಮೆಲ್ಲಗೆ ಮೇಲಕ್ಕೆ ಹೋಗುತ್ತಿತ್ತು. ಪಕ್ಕದಲ್ಲೇ ಕೂತು ತಾಳ್ಮೆಯಿಂದ ಹೇಳಿಕೊಟ್ಟ ಹಾಗಿತ್ತು ಅವನ ದನಿ.

ಎಲ್ಲ ಪಾಠ ಸೇರಿ ನಾಲ್ಕು ಸಿ.ಡಿ. ಆಗುವ ಲಕ್ಷಣ ಕಂಡಿತು. ಮೂರಕ್ಕೆ ಇಳಿಸು ಅಂದವಳು ನಾನು. ಮೊದಲ ಪಾಠ ಕಂಪ್ಯೂಟರಿನ ಭಾಗಗಳ ಪರಿಚಯ. ಫೋಟೋ ಸ್ಟುಡಿಯೋದಿಂದ ಮದುವೆ ಕ್ಯಾಮೆರಾ ಎರವಲು ತಂದು ಅದೊಂದನ್ನು ಮಾತ್ರ ಬೇರೆಯಾಗಿ ಚಿತ್ರೀಕರಿಸಿದ್ದ. ನಾನು ಅಂದೆ, ಮೆಟ್ಟಿಲು ಹತ್ತಿ ಬಂದ ದಡ್ಡ ಶಿಖಾಮಣಿಯೂ ಮೊದಲ ದಿನವೇ ಅದನ್ನೆಲ್ಲ ಕಣ್ಣಾರೆ ನೋಡುತ್ತಾನೆ, ಟೀವಿಯಲ್ಲಿ ಬೇರೆ ಯಾಕೆ, ಕಿತ್ತು ಬಿಸಾಕು. ಅವನು ಕಿತ್ತು ಹಾಕಿದ.

ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ ಹರಿಯಬ್ಬೆ ಕಡೆಯ ಬಸ್ಸಿನ ಕಂಡಕ್ಟರ್ ನಮ್ಮ ಮಹಡಿಗೆ ಒಂದು ಚೀಟಿ ತಂದ. ಬರೆದವಳ ಹೆಸರು ಮೀನಾಕ್ಷಿ. ಅವಳ ಗಂಡ ಬೋರಪ್ಪ ಹಿರಿಯೂರಿನ ಒಂದು ಕುರಿ ಸಾಕಣೆದಾರರ ಸಂಘದಲ್ಲಿ ಗುಮಾಸ್ತನಾಗಿದ್ದ. ಎರಡು ತಿಂಗಳ ಹಿಂದೆ ಹೆದ್ದಾರಿಯಲ್ಲಿ ಲಾರಿ ಬಡಿದು ಸತ್ತಿದ್ದ. ಅವನ ಕೆಲಸವನ್ನು ಮನೆಯವರಿಗೇ ಕೊಡುವುದೆಂದು ಸಂಘದವರು ತೀರ್ಮಾನಿಸಿದ್ದರು. ಮೊದಲ ಅವಕಾಶ ಹೆಂಡತಿಗೆ, ಅದೂ ಒಂದೇ ಸಲ. ಸಂಘಕ್ಕೆ ಹೊಸದಾಗಿ ಕಂಪ್ಯೂಟರ್ ಬಂದಿದ್ದರಿಂದ ಅದರ ಪರೀಕ್ಷೆ ಪಾಸಾಗಬೇಕು. ಅವಳು ಫೇಲಾದರೆ ಬೋರಪ್ಪನ ತಮ್ಮ ದಯಾನಂದನಿಗೆ.

ಚೀಟಿಯಲ್ಲಿ ಇನ್ನೊಂದು ಮಾತು ಇತ್ತು. ಗಂಡ ಸತ್ತ ವರ್ಷ ತುಂಬುವ ತನಕ ಹೆಂಡತಿ ಊರ ಗಡಿ ದಾಟುವ ಹಾಗಿಲ್ಲ ಅನ್ನುವುದು ಆ ಮನೆಯ ಪದ್ಧತಿ. ಅತ್ತೆ ಜುಂಜಮ್ಮ ಅದರಲ್ಲಿ ಕೂದಲೆಳೆಯಷ್ಟೂ ಬಿಡುವವಳಲ್ಲ. ಸಂಘದವರು ಇದಕ್ಕೆ ಒಪ್ಪಿ ವರ್ಷ ತುಂಬಿದ ಮೂರನೇ ದಿನಕ್ಕೆ ಪರೀಕ್ಷೆ ಇಟ್ಟಿದ್ದರು. ಹಾಗಾಗಿ ಕ್ಲಾಸಿಗೆ ಬರಲು ಆಗದು, ಮನೆಯಲ್ಲಿ ಟೀವಿ ಇದೆ, ಸಿ.ಡಿ. ಕಳಿಸಿಕೊಡಿ ಎಂದು ಕೇಳಿದ್ದಳು. ಪಾಸಾದರೆ ಹಿರಿಯೂರಿನಲ್ಲಿ ಒಂದು ಕೋಣೆ ಮಾಡಿಕೊಂಡು ಮಗಳನ್ನು ಶಾಲೆಗೆ ಸೇರಿಸಿ ತನ್ನ ಪಾಡಿಗೆ ತಾನು ಇರುತ್ತಾಳಂತೆ. ಇಲ್ಲವಾದರೆ ಮೈದುನನ ಮನೆಯಲ್ಲಿ ಸಗಣಿ ಬಾಚಿಕೊಂಡು ಬಿದ್ದಿರಬೇಕು. ಅಕ್ಷರಗಳು ಎಷ್ಟು ದುಂಡಗಿದ್ದವೆಂದರೆ ನಾನು ಆ ಚೀಟಿಯನ್ನು ಎರಡು ಸಲ ಓದಿದೆ.

ಲಕ್ಷ್ಮೀಕಾಂತ ಕೈ ತೊಳೆದುಕೊಂಡು ಆ ಕೆಲಸದ ಹಿಂದೆ ಬಿದ್ದ. ಮೂರೂ ಸಿ.ಡಿ.ಗಳನ್ನು ಹೊಸದಾಗಿ ಬರೆಸಿದ. ಸೀರೆ ಡಬ್ಬಿಯ ರಟ್ಟನ್ನು ಕತ್ತರಿಸಿ, ಕಂಪ್ಯೂಟರಿನ ಕೀಲಿಮಣೆಯನ್ನು ಅದೇ ಅಳತೆಯಲ್ಲಿ ಸ್ಕೇಲು ಹಿಡಿದು ಬರೆದ. ಒಂದು ಕೀಲಿಯನ್ನೂ ಬಿಡಲಿಲ್ಲ. ಬಲಗಡೆ ಮೂಲೆಯಲ್ಲಿ ಮೇಲೆ, ಕೆಳಗೆ, ಎಡ, ಬಲ ಎಂದು ಬಾಣದ ಗುರುತಿರುವ ನಾಲ್ಕು ಕೀಲಿಗಳಿಗೆ ಕೆಂಪು ಶಾಯಿ ಹಾಕಿದ. ಯಾವ ಬೆರಳು ಯಾವ ಕೀಲಿಗೆ ಅನ್ನುವುದನ್ನು ನಾನು ಪಕ್ಕದಲ್ಲಿ ಬರೆದೆ. ಎಲ್ಲ ಸುತ್ತಿ ಕಂಡಕ್ಟರ್ ಕೈಗೆ ಕೊಟ್ಟೆವು.

ಅತ್ತೆ, ಮೈದುನ ಕುರಿ ಹೊಡೆದುಕೊಂಡು ಹೋದ ಮೇಲೆ ಮಧ್ಯಾಹ್ನ ಅವಳು ಟೀವಿ ಹಾಕಿಕೊಂಡು ರಟ್ಟಿನ ಮೇಲೆ ಬೆರಳಾಡಿಸುತ್ತಿದ್ದಳಂತೆ. ಮಗು ಪಕ್ಕದಲ್ಲಿ ಮಲಗಿರುತ್ತಿತ್ತು. ರಿಮೋಟು ಒತ್ತಿ ನಿಲ್ಲಿಸುವುದು, ರಟ್ಟಿನ ಮೇಲೆ ಮಾಡುವುದು, ಮತ್ತೆ ಓಡಿಸುವುದು. ಭಾನುವಾರ ಬೆಳಿಗ್ಗೆ ಊರ ಅಂಗಡಿಯ ಫೋನಿಗೆ ಲಕ್ಷ್ಮೀಕಾಂತ ಕರೆ ಮಾಡಿ ಬಾಯಿ ಪರೀಕ್ಷೆ ಮಾಡುತ್ತಿದ್ದ. ಪತ್ರ ಉಳಿಸುವುದು ಹೇಗೆ? ಮೇಲೆ ಎಡಕ್ಕೆ ಹೋಗಿ ಮೊದಲನೇದನ್ನು ಒತ್ತಬೇಕು, ಕೆಳಗೆ ಇಳಿದು ಇಂಥದ್ದನ್ನು ಒತ್ತಬೇಕು. ಕೋಷ್ಟಕ ಹಾಕುವುದು? ಅದನ್ನೂ ಹೇಳುತ್ತಿದ್ದಳು. ಒಂದಕ್ಕೂ ತಡವರಿಸುತ್ತಿರಲಿಲ್ಲ. ನಾಲ್ಕನೇ ತಿಂಗಳಿಗೆ ಅವನು ಕೇಳುವುದೇ ಮುಗಿದುಹೋಗಿತ್ತು. ಕ್ಲಾಸಿಗೆ ಬರುವ ನಲವತ್ತು ಜನರನ್ನು ತಕ್ಕಡಿಯ ಒಂದು ಕಡೆ ಕೂರಿಸಿದರೂ ಈ ಹುಡುಗಿಯ ಕಡೆಯೇ ಭಾರ ಅಂದ. ನನ್ನ ಹೊಟ್ಟೆಗೂ ಹಾಲು ಹುಯ್ದ ಹಾಗಾಯಿತು.

ಪರೀಕ್ಷೆಯ ದಿನ ಒಂದು ಗಂಟೆ ಮುಂಚೆ ಬಂದು ನಮ್ಮ ಕಂಪ್ಯೂಟರಿನ ಮುಂದೆ ಕೂತು ಹೋಗಲಿ ಎಂದು ಮಾತಾಗಿತ್ತು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತು ಹತ್ತೂಕಾಲಿಗೆ ಬಂತು. ಪರೀಕ್ಷೆ ಹತ್ತೂವರೆಗೆ. ಅವಳನ್ನು ಮೊದಲ ಸಲ ನೋಡಿದ್ದು ಅವತ್ತೇ. ಇಪ್ಪತ್ನಾಲ್ಕು ವರ್ಷ ಇರಬಹುದು, ಕಡ್ಡಿಯ ಹಾಗಿದ್ದಳು. ಕೈಚೀಲದಿಂದ ರಟ್ಟಿನ ತುದಿ ಇಣುಕುತ್ತಿತ್ತು. ಹಿಂದೆ ದಯಾನಂದನೂ ಇಳಿದ. ಲಕ್ಷ್ಮೀಕಾಂತ ಗಡಿಯಾರ ನೋಡಿ, ನೆಟ್ಟಗೆ ಸಂಘಕ್ಕೇ ಹೋಗಾಣ ಅಂದ. ಎಲ್ಲರೂ ಓಡುವ ಹಾಗೆ ನಡೆದೆವು.

ಸಂಘದ ಕಾರ್ಯದರ್ಶಿ ನಾಗರಾಜಪ್ಪ ಕೆಟ್ಟ ಮನುಷ್ಯನಲ್ಲ. ಸೆಖೆಯೆಂದು ಬಾಗಿಲು ತೆರೆದೇ ಇಟ್ಟಿದ್ದರು, ನಾವು ಹೊಸ್ತಿಲಾಚೆ ನಿಂತೆವು. ಖಾಲಿ ಹಾಳೆ ತೆರೆದಿಟ್ಟ ಕಂಪ್ಯೂಟರಿನ ಮುಂದೆ ಅವಳನ್ನು ಕೂರಿಸಿ, ಅರ್ಧ ಗಂಟೆಯಲ್ಲಿ ಒಂದು ಪತ್ರ ಹೊಡೆದು, ಕೆಳಗೆ ಕೋಷ್ಟಕ ಹಾಕಿ, ಉಳಿಸಿ, ಅಚ್ಚು ತೆಗೆಯಬೇಕು ಅಂದರು. ಅವಳು ಕೀಲಿಗಳ ಮೇಲೆ ಬೆರಳಿಟ್ಟಳು. ಒಂದು ಕ್ಷಣ ಹೆದರಿದಳು, ಕೀಲಿ ಒತ್ತಿದರೆ ಒಳಗೆ ಹೋಗುತ್ತದೆ ಅನ್ನುವುದು ರಟ್ಟಿನಲ್ಲಿ ಎಲ್ಲಿ ಗೊತ್ತಾಗಬೇಕು? ಆಮೇಲೆ ಶುರು ಮಾಡಿದಳು ನೋಡಿ. ಕೈ ನೋಡದೆ, ತಲೆ ಎತ್ತಿ, ಒಂದೇ ಸಮ ಹೊಡೆದಳು. ಏಳೇ ನಿಮಿಷದಲ್ಲಿ ಪತ್ರ ಮುಗಿಯಿತು. ಇಪ್ಪತ್ತಾರು ವರ್ಷದಲ್ಲಿ ನನ್ನ ಕಣ್ಣು ತುಂಬಿದ್ದು ಅವತ್ತೊಂದು ದಿನ.

ಆಮೇಲೆ ಅವಳ ಬಲಗೈ ಬಾಣದ ಕೀಲಿಗಳಿಗೆ ಹೋಯಿತು. ಮೇಲಿನದನ್ನು ಒತ್ತಿದಳು. ಪರದೆಯ ಬಾಣ ಇದ್ದಲ್ಲೇ ಇತ್ತು, ಅಕ್ಷರಗಳ ನಡುವೆ ಮಿನುಗುವ ಗೆರೆ ಮಾತ್ರ ಒಂದು ಸಾಲು ಮೇಲೆ ಹೋಯಿತು. ಮತ್ತೆ ಒತ್ತಿದಳು. ಎಡದ್ದು ಒತ್ತಿದಳು. ಬಾಣ ಕದಲಲಿಲ್ಲ. ನನಗೆ ಏನೂ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಲಕ್ಷ್ಮೀಕಾಂತನಿಗೆ ಮಾತ್ರ ತಿಳಿಯಿತು.

ನಾಗರಾಜಪ್ಪ ನೋಡಿ ನೋಡಿ, ಮೌಸ್ ತಗಳಮ್ಮ ಅಂದರು. ಅವಳು ಮೇಜಿನ ಮೇಲೆಲ್ಲ ಹುಡುಕಿದಳು. ಅವರು ಬೆರಳು ತೋರಿಸಿದರು. ಅವಳು ಅದನ್ನು ಎತ್ತಿಕೊಂಡಳು. ಕೈಯಲ್ಲಿ ಹಿಡಿದು, ಟೀವಿಗೆ ರಿಮೋಟು ಹಿಡಿಯುವ ಹಾಗೆ ಪರದೆಯ ಕಡೆ ಮಾಡಿ ಒತ್ತಿದಳು. ಏನೂ ಆಗಲಿಲ್ಲ. ಇನ್ನೂ ಹತ್ತಿರ ಹಿಡಿದು ಒತ್ತಿದಳು. ಹೊರಗೆ ಬೆಂಚಿನ ಮೇಲಿದ್ದ ದಯಾನಂದ ಗೊಳ್ಳೆಂದು ನಕ್ಕ. ಒಳಗಿದ್ದ ಇಬ್ಬರು ನಿರ್ದೇಶಕರೂ ಮುಖ ತಿರುಗಿಸಿ ನಕ್ಕರು. ನಾಗರಾಜಪ್ಪ ತಾವೇ ಅದನ್ನು ಮೇಜಿನ ಮೇಲಿಟ್ಟು ಅವಳ ಕೈ ಇಡಿಸಿದರು, ಐದು ನಿಮಿಷ ಹೆಚ್ಚಿಗೆ ಕೊಟ್ಟರು. ಆದರೆ ಕೈ ಥರಥರ ನಡುಗುತ್ತಿತ್ತು, ಬಾಣ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹಾರುತ್ತಿತ್ತು. ಹೊತ್ತು ಮುಗಿಯಿತು.

ಹೊರಗೆ ಬಂದು ಲಕ್ಷ್ಮೀಕಾಂತನ ಮುಂದೆ ನಿಂತಳು. ಅಳಲಿಲ್ಲ.

“ಬಾಣದ ಗುರುತಿರೋ ಕೀಲಿ ಒತ್ತಿದ್ರೆ ಬಾಣ ಹೋಗ್ತೈತೆ ಅಂದ್ಕಂಡಿದ್ದೆ ಸಾರ್. ಹತ್ತು ತಿಂಗ್ಳು ಹಂಗೇ ಒತ್ತಿದೀನಿ. ನಿಮ್ಮ ದನಿ ಕೇಳ್ತಿತ್ತು, ಕೈ ಎಲ್ಲೂ ಕಾಣ್ಲಿಲ್ಲ.”

ಎಲ್ಲಿ ಕಾಣಬೇಕು? ಪರದೆಯನ್ನು ರೆಕಾರ್ಡ್ ಮಾಡಿದರೆ ಪರದೆ ಮಾತ್ರ ಬರುತ್ತದೆ. ಕೈ, ಅದು ಹಿಡಿದ ಮೌಸು, ಎರಡೂ ಮೇಜಿನ ಮೇಲೇ ಉಳಿಯುತ್ತವೆ. ಅವೆರಡು ಕಾಣುತ್ತಿದ್ದದ್ದು ಮದುವೆ ಕ್ಯಾಮೆರಾದಲ್ಲಿ ತೆಗೆದ ಆ ಮೊದಲ ಪಾಠದಲ್ಲಿ ಮಾತ್ರ. ಅಂಚು ನೋಡಿದ, ಅಕ್ಷರ ನೋಡಿದ, ಬಣ್ಣ ನೋಡಿದ, ದನಿ ನೋಡಿದ. ಟೀವಿಯಲ್ಲಿ ಕಂಡದ್ದನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿದ್ದಿದ. ಕಾಣದ್ದನ್ನು ಹೇಗೆ ತಿದ್ದುತ್ತಾನೆ? ಸಿ.ಡಿ. ಒಯ್ದವರೆಲ್ಲ ಒಂದು ಸಲವಾದರೂ ನಮ್ಮ ಮೆಟ್ಟಿಲು ಹತ್ತಿದವರು. ಹತ್ತದೇ ಕಲಿತವಳು ಇವಳೊಬ್ಬಳೇ.

ಲಕ್ಷ್ಮೀಕಾಂತ ಒಳಗೆ ಹೋಗಿ ನಾಗರಾಜಪ್ಪನವರ ಮುಂದೆ ಕೈ ಮುಗಿದ. ತಪ್ಪು ಅವಳದಲ್ಲ, ನನ್ನದು, ನಾಳೆ ಇನ್ನೊಂದು ಸಲ ಕೂರಿಸಿ ನೋಡಿ ಅಂತ ಬೇಡಿಕೊಂಡ. ಒಂದೇ ಸಲ ಎಂದು ನಡಾವಳಿಯಲ್ಲಿ ಬರೆದಾಗಿದೆ, ನಿರ್ದೇಶಕರು ಇಬ್ಬರೂ ರುಜು ಹಾಕಿ ಎದ್ದರು ಅಂದರು ಅವರು. ನಾನೂ ಒಳಗೆ ನುಗ್ಗಿ ಬಾಯಿಗೆ ಬಂದದ್ದೆಲ್ಲ ಅಂದೆ. ಅವಳ ಬೆರಳು ನೋಡಿದಿರಲ್ಲ, ಕಣ್ಣಿಲ್ಲವಾ ನಿಮಗೆ ಅಂತ ಕೇಳಿದೆ. ಅವರು ತಲೆ ತಗ್ಗಿಸಿ ಕೂತರು. ತಲೆ ತಗ್ಗಿಸಿದರೆ ಕೆಲಸ ಬರುತ್ತದೆಯೇ?

ಮಹಡಿಗೆ ವಾಪಸ್ಸು ಬಂದ ಮೇಲೆ ನಾನೇ ಬಾಯಿ ಬಿಟ್ಟೆ. ಆ ಪಾಠ ಕೀಳಿಸಿದವಳು ನಾನು, ಬೈಯಪ್ಪ, ಒಂದು ಸಲವಾದರೂ ಬೈಯಿ ಅಂದೆ. ಅವನು ಬೈಯಲಿಲ್ಲ. ‘ಕತ್ತರಿ ನನ್ನ ಕೈಲಿತ್ತು ಅಕ್ಕ’ ಅಂದ, ಅಷ್ಟೇ. ಬೈದಿದ್ದರೆ ನನಗೆ ಇಷ್ಟು ವರ್ಷ ಇದು ಕೊರೆಯುತ್ತಿರಲಿಲ್ಲ.

ಆ ತಿಂಗಳೇ ಅವನು ಊರೂರು ತಿರುಗಿ ಸಿ.ಡಿ.ಗಳನ್ನು ವಾಪಸ್ಸು ಕೇಳಿದ. ಹೊಸದುರ್ಗದಲ್ಲಿ ಕೆಲವರು ಕೊಟ್ಟರು. ಹಿರೇಗುಂಟನೂರಿನಲ್ಲಿ ಒಬ್ಬರು ಆಗಲೇ ಹಕ್ಕಿ ಹೆದರಿಸಲು ಹೊಲದಲ್ಲಿ ದಾರ ಕಟ್ಟಿ ತೂಗುಬಿಟ್ಟಿದ್ದರು. ಸಿಕ್ಕವನ್ನೆಲ್ಲ ತಂದು ನಮ್ಮ ಹಾಲಿನಲ್ಲಿ ಕೂತು ಒಂದೊಂದಾಗಿ ಮುರಿದ. ಕ್ಲಾಸು ಮುಚ್ಚಿ, ಕಂಪ್ಯೂಟರ್ ಎರಡನ್ನೂ ಕೊಟ್ಟುಬಿಟ್ಟು, ಹಿರಿಯೂರಿನಲ್ಲೇ ಮತ್ತೆ ಟೀವಿ ರಿಪೇರಿಗೆ ಕೂತ. ಇವತ್ತಿಗೂ ಅಲ್ಲೇ ಕೂತಿದ್ದಾನೆ. ಆದರೆ ಮುಚ್ಚುವ ಮುಂಚೆ ಒಂದು ಪಾಠ ಮಾಡಬೇಕಾಗಿ ಬಂತು.

ಪರೀಕ್ಷೆಯಾದ ಎಂಟನೇ ದಿನ ಬೆಳಿಗ್ಗೆ ದಯಾನಂದ ಮೆಟ್ಟಿಲು ಹತ್ತಿ ಬಂದ. ಹಿಂದೆ ಮೀನಾಕ್ಷಿ, ಸೊಂಟದ ಮೇಲೆ ಮಗು. ಮುಂದಿನ ವಾರ ಅವನ ಪರೀಕ್ಷೆ. ಅವನೂ ಫೇಲಾದರೆ ಕೆಲಸ ಹೊರಗಿನವರಿಗೆ ಹೋಗುತ್ತದೆ. ಅದಕ್ಕೆ ಕಲಿಸಿಕೊಡಿ ಎಂದು ಕೇಳಲು ಬಂದಿದ್ದರು. ಅವತ್ತು ಬೆಂಚಿನ ಮೇಲೆ ಕೂತು ನಕ್ಕವನನ್ನು ಯಾವ ಮುಖ ಇಟ್ಟುಕೊಂಡು ಬಂದೆ ಎಂದು ಕೇಳಲು ಎದ್ದೆ. ಲಕ್ಷ್ಮೀಕಾಂತನೂ ಬಾಗಿಲಿನ ಕಡೆ ಕೈ ತೋರಿಸಿದ.

ಮೀನಾಕ್ಷಿ ನಮ್ಮಿಬ್ಬರ ನಡುವೆ ಬಂದು ನಿಂತಳು.

“ಕಲಿಸ್ರಿ ಸಾರ್. ಇವ್ರಿಗೂ ಸಿಗ್ಲಿಲ್ಲ ಅಂದ್ರೆ ಆ ಮನೇಲಿ ನನ್ನ ಮಗಳಿಗೆ ತಟ್ಟೆ ಇಡೋರಿಲ್ಲ.”

ನಾನು ಕೂತೆ. ಲಕ್ಷ್ಮೀಕಾಂತ ಕುರ್ಚಿ ಎಳೆದು ದಯಾನಂದನನ್ನು ಕೂರಿಸಿ, ಕಂಪ್ಯೂಟರ್ ಹಾಕಿದ. ಅವನ ಬಲಗೈ ಹಿಡಿದು ಮೌಸಿನ ಮೇಲಿಟ್ಟು, ಅದರ ಮೇಲೆ ತನ್ನ ಸುಟ್ಟ ಬೆರಳುಗಳ ಕೈ ಇಟ್ಟ. ಎತ್ತಬಾರದು, ಮೇಜಿನ ಮೇಲೇ ಸರಿಸಬೇಕು ಅಂದ. ಮೇಲೆ ತಳ್ಳು. ಎಡಕ್ಕೆ. ಈಗ ತೋರುಬೆರಳಿಂದ ಒತ್ತು. ದಯಾನಂದನ ಬಾಣ ಮೊದಲು ದಾರಿ ತಪ್ಪಿತು, ಆಮೇಲೆ ನೆಟ್ಟಗಾಯಿತು. ಸ್ವಲ್ಪ ಹೊತ್ತಿಗೆ ಲಕ್ಷ್ಮೀಕಾಂತ ತನ್ನ ಕೈ ತೆಗೆದ. ಬಾಣ ತಾನು ಹೋಗಬೇಕಾದ ಕಡೆಗೇ ಹೋಗುತ್ತಿತ್ತು.

ನಾನು ಗೋಡೆ ಪಕ್ಕದ ಬೆಂಚಿನ ಕಡೆ ತಿರುಗಿದೆ. ಮೀನಾಕ್ಷಿಯ ಕಣ್ಣು ಪರದೆಯ ಮೇಲಿರಲಿಲ್ಲ, ಮೈದುನನ ಕೈಯ ಮೇಲಿತ್ತು. ಮಗು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಅವಳ ಬಲ ಅಂಗೈ ಬೆಂಚಿನ ಹಲಗೆಯ ಮೇಲೆ ಮೆಲ್ಲಗೆ ಮೇಲೆ ಸರಿದು, ಎಡಕ್ಕೆ ತಿರುಗಿ, ನಿಂತು, ತೋರುಬೆರಳಿಂದ ಒಂದು ಸಲ ಒತ್ತಿತು. ಒಂದು ಚೂರೂ ನಡುಕವಿರಲಿಲ್ಲ. ಹದಿನೈದು ನಿಮಿಷದಲ್ಲಿ ಇಬ್ಬರಿಗೂ ಬಂದುಬಿಟ್ಟಿತ್ತು.